ವಯಲಿನ್, ವಯೋಲಾ ಆರಿಸುವುದು ಹೇಗೆ? ಕಲಿಯಲು ಶುರುಮಾಡಿದವರಿಂದ ವೇದಿಕೆ ಏರುವವರವರೆಗೆ

ಸಾಲಾಗಿ ತೂಗುಹಾಕಿದ ವಯಲಿನ್‌ಗಳನ್ನು ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಅದೇ ಸೊಂಟ, ಅದೇ ಎಫ್ ಆಕಾರದ ಎರಡು ತೂತು, ತುದಿಯಲ್ಲಿ ಅದೇ ಸುರುಳಿ. ಇಟಲಿಯ ಕ್ರಿಮೋನಾದ ಹೆಸರಾಂತ ವಯಲಿನ್ ತಯಾರಕ ಆಂಟೋನಿಯೋ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡ. ಅವನ ಕಾಲದಿಂದ ಹೊರಗಿನ ಆಕಾರ ಹೆಚ್ಚೇನೂ ಬದಲಾಗಿಲ್ಲ. ಹೀಗಾಗಿ ಬರೀ ಚಂದ ನೋಡಿ ವಾದ್ಯ ಆರಿಸಿದರೆ ಅದು ಲಾಟರಿ ಅಷ್ಟೇ.

ನನ್ನ ಪ್ರಕಾರ ನುಡಿಸುವವರ ಹಂತ ಬದಲಾದಂತೆ ವಾದ್ಯಕ್ಕೆ ಕೇಳಬೇಕಾದ ಪ್ರಶ್ನೆಯೂ ಬದಲಾಗಬೇಕು. ಹೊಸಬರು ಕೇಳಬೇಕಾದ್ದು: ಇದು ನನ್ನ ಕೈಗೆ ಅಡ್ಡಿ ಮಾಡುತ್ತದಾ? ಮೂರ್ನಾಲ್ಕು ವರ್ಷ ಕಲಿತವರು ಕೇಳಬೇಕಾದ್ದು: ನಾನು ಕಮಾನಿನಲ್ಲಿ, ಅಂದರೆ ತಂತಿಯ ಮೇಲೆ ಎಳೆಯುವ ಕೋಲಿನಲ್ಲಿ, ಮಾಡಿದ ವ್ಯತ್ಯಾಸ ಇದರ ನಾದದಲ್ಲಿ ಕೇಳಿಸುತ್ತದಾ? ವೇದಿಕೆಯ ಮೇಲೆ ನುಡಿಸುವವರು ಕೇಳಬೇಕಾದ್ದು: ಕೊನೆಯ ಸಾಲಿನಲ್ಲಿ ಕೂತವರಿಗೂ ಇದು ಮುಟ್ಟುತ್ತದಾ? ಹೊಸಬರು ಮೂರನೆಯ ಪ್ರಶ್ನೆ ಹಿಡಿದುಕೊಂಡು ಅಂಗಡಿಗೆ ಹೋದರೆ ದುಡ್ಡು ದಂಡ.

ಮೊದಲ ಹೆಜ್ಜೆ: ವಯಲಿನ್ನೋ ವಯೋಲಾವೋ?

ವಯಲಿನ್‌ನ ತಂತಿಗಳು ಪಾಶ್ಚಾತ್ಯ ಶ್ರುತಿಯಲ್ಲಿ, ಕೆಳಗಿನ ಸ್ವರದಿಂದ ಹೇಳುವುದಾದರೆ, ಜಿ, ಡಿ, ಎ, ಇ. ಅದಕ್ಕಿಂತ ಸ್ವಲ್ಪ ದೊಡ್ಡದಾದ, ಕೆಳಗಿನ ಶ್ರುತಿಯ ವಯೋಲಾದ್ದು ಸಿ, ಜಿ, ಡಿ, ಎ. ಮೂರು ತಂತಿ ಎರಡಕ್ಕೂ ಸಮ. ವಯಲಿನ್‌ನ ತೆಳ್ಳನೆಯ ಇ ತಂತಿ ವಯೋಲಾದಲ್ಲಿ ಇರುವುದಿಲ್ಲ, ಅದರ ಬದಲು ಕೆಳಗೊಂದು ದಪ್ಪ ಸಿ ತಂತಿ ಇರುತ್ತದೆ. ವಯಲಿನ್ ಇಳಿಯುವುದು ಸುಮಾರು 196 ಹರ್ಟ್ಸ್‌ವರೆಗೆ, ವಯೋಲಾ ಸುಮಾರು 131 ಹರ್ಟ್ಸ್‌ವರೆಗೆ.

ಇಲ್ಲೊಂದು ಮಜಾ ಇದೆ. ವಯೋಲಾದ ಶ್ರುತಿ ಅಷ್ಟು ಕೆಳಗಿರುವುದರಿಂದ, ಲೆಕ್ಕದ ಪ್ರಕಾರ ಅದರ ಒಡಲು ವಯಲಿನ್‌ಗಿಂತ ಒಂದೂವರೆ ಪಟ್ಟು ಉದ್ದ ಇರಬೇಕು. ಅಂದರೆ ಸುಮಾರು 53 ಸೆಂಟಿಮೀಟರ್. ಅಷ್ಟು ಉದ್ದದ್ದನ್ನು ಗಲ್ಲದ ಕೆಳಗೆ ಇಟ್ಟುಕೊಂಡು ನುಡಿಸಲು ಯಾರಿಂದ ಆಗುತ್ತದೆ? ಅದಕ್ಕೇ ತಯಾರಕರು 38ರಿಂದ 43 ಸೆಂಟಿಮೀಟರ್ ಒಳಗೆ ರಾಜಿ ಮಾಡಿಕೊಂಡರು. ವಯೋಲಾದ ಆ ಸ್ವಲ್ಪ ಮಬ್ಬಾದ, ಗಂಟಲೊಳಗಿನಿಂದ ಬಂದಂಥ ನಾದಕ್ಕೆ ಈ ರಾಜಿಯೂ ಒಂದು ಕಾರಣ. ಪ್ರತಿಯೊಬ್ಬ ತಯಾರಕನೂ ತನ್ನದೇ ದಾರಿಯಲ್ಲಿ ರಾಜಿ ಮಾಡಿಕೊಂಡಿರುತ್ತಾನೆ. ಆದ್ದರಿಂದ ವಯಲಿನ್‌ಗಳಿಗಿಂತ ವಯೋಲಾಗಳ ನಡುವೆ ವ್ಯತ್ಯಾಸ ಜಾಸ್ತಿ. ವಯೋಲಾ ಕೊಳ್ಳುವವರು ಹೆಚ್ಚು ವಾದ್ಯಗಳನ್ನು ನುಡಿಸಿ ನೋಡಲೇಬೇಕು.

ಎರಡನೆಯ ಹೆಜ್ಜೆ: ಅಳತೆ

ಪೂರ್ಣ ಅಳತೆಯ ವಯಲಿನ್‌ನ ಒಡಲು ಸುಮಾರು 35.5 ಸೆಂಟಿಮೀಟರ್. ಮಕ್ಕಳಿಗೆ ಮುಕ್ಕಾಲು, ಅರ್ಧ, ಕಾಲು, ಎಂಟನೇ ಒಂದು, ಹೀಗೆ ಚಿಕ್ಕ ಅಳತೆಗಳಿವೆ. ಹೆಸರು ನೋಡಿ ಲೆಕ್ಕ ಹಾಕಬೇಡಿ. ಅರ್ಧ ಅಳತೆಯ ವಯಲಿನ್ ಅಂದರೆ ಅರ್ಧ ಉದ್ದ ಅಲ್ಲ, ಅದರ ಒಡಲೂ 31-32 ಸೆಂಟಿಮೀಟರ್ ಇರುತ್ತದೆ.

ಅಳೆಯುವುದು ಸುಲಭ. ವಾದ್ಯವನ್ನು ಹೆಗಲ ಮೇಲಿಟ್ಟು ಎಡಗೈಯನ್ನು ಅದರ ಕೆಳಗೆ ಮುಂದಕ್ಕೆ ಚಾಚಿ. ಸುರುಳಿಯ ಭಾಗ ಅಂಗೈಯೊಳಗೆ ಬಂದು, ಮೊಣಕೈ ಸ್ವಲ್ಪ ಬಾಗಿದ್ದಾಗಲೂ ಬೆರಳುಗಳು ಅದನ್ನು ಆರಾಮವಾಗಿ ಸುತ್ತುವಂತಿದ್ದರೆ ಅಳತೆ ಸರಿ. ಕೈ ಪೂರ್ತಿ ನೆಟ್ಟಗಾದರೂ ಬೆರಳು ಸಾಲದಿದ್ದರೆ ವಾದ್ಯ ದೊಡ್ಡದಾಯಿತು. ಟೇಪಿನಲ್ಲಿ ಅಳೆಯುವವರು ಕತ್ತಿನಿಂದ ಅಂಗೈ ನಡುವಿನವರೆಗೆ ಅಳೆದು ನೋಡಿ. ಸುಮಾರು 58 ಸೆಂಟಿಮೀಟರ್ ದಾಟಿದರೆ ಪೂರ್ಣ ಅಳತೆ ಹಿಡಿಯಬಹುದು.

"ಮಗು ಬೆಳೆಯುತ್ತಲ್ಲ, ದೊಡ್ಡದೇ ತಗೊಂಡುಬಿಡೋಣ" ಅನ್ನುವ ಆಸೆ ಎಲ್ಲ ಅಪ್ಪ ಅಮ್ಮಂದಿರಿಗೂ ಬರುತ್ತದೆ. ಬಟ್ಟೆಗೆ ಅದು ಸರಿ, ವಯಲಿನ್‌ಗೆ ಅಲ್ಲ. ದೊಡ್ಡ ವಾದ್ಯ ಹಿಡಿದ ಮಗು ಹೆಗಲು ಎತ್ತಿ, ಮಣಿಕಟ್ಟು ಬಗ್ಗಿಸಿ ನುಡಿಸುತ್ತದೆ. ಆ ಅಭ್ಯಾಸ ಬಿಡಿಸಲು ಆಮೇಲೆ ವರ್ಷಗಟ್ಟಲೆ ಬೇಕು. ಬೆಳೆಯುವ ಮಕ್ಕಳಿಗೆ ಬಾಡಿಗೆ ವಾದ್ಯ ಸಿಕ್ಕರೆ ಅದೇ ಜಾಣತನ.

ವಯೋಲಾಕ್ಕೆ "ಪೂರ್ಣ ಅಳತೆ" ಅಂತ ಒಂದಿಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ 15.5, 16, 16.5 ಇಂಚಿನವು ಸಿಗುತ್ತವೆ. ವಯೋಲಾ ವಾದಕ ಲಯನಲ್ ಟರ್ಟಿಸ್ ತನ್ನ ಹೆಸರಿನ ಮಾದರಿಗೆ 16.75 ಇಂಚು ಇಟ್ಟುಕೊಂಡಿದ್ದ. ಒಡಲ ಉದ್ದ ಒಂದನ್ನೇ ನೋಡಿದರೆ ಸಾಲದು. ಒಂದೇ 16 ಇಂಚಿನ ಎರಡು ವಯೋಲಾಗಳಲ್ಲಿ ತಂತಿಯ ಉದ್ದ ಬೇರೆ ಇರಬಹುದು. ಕುತ್ತಿಗೆಯ ದಪ್ಪ, ತೂಕ, ಮೇಲ್ಭಾಗದ ಅಗಲ ಬೇರೆ ಇರಬಹುದು. ಹೀಗೆ ಪರೀಕ್ಷಿಸಿ: ಕಿರುಬೆರಳನ್ನು ಸಿ ತಂತಿಯ ಮೇಲೆ ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ. ಹೆಗಲು ತಾನಾಗಿಯೇ ಮೇಲೆ ಹೋಗುತ್ತಿದ್ದರೆ ಆ ವಯೋಲಾ ನಿಮ್ಮದಲ್ಲ, ನಾದ ಎಷ್ಟೇ ಚೆನ್ನಾಗಿರಲಿ. ಕೈ ನೋವು ಬಂದರೆ ನಾದ ಕೇಳಲು ನೀವೇ ಇರುವುದಿಲ್ಲ.

ಚಿಕ್ಕ ಮಕ್ಕಳಿಗೆ ಕೆಲವೊಮ್ಮೆ ವಯಲಿನ್‌ಗೇ ವಯೋಲಾ ತಂತಿ ಕಟ್ಟಿ ಕೊಡುತ್ತಾರೆ. ಸಿ ತಂತಿ ಸ್ವಲ್ಪ ಬಡಕಲಾಗಿ ಕೇಳಿಸುತ್ತದೆ, ಆದರೆ ಕಲಿಯಲು ತೊಂದರೆ ಇಲ್ಲ.

ಮೂರನೆಯ ಹೆಜ್ಜೆ: ಹೊಸಬರು ಜೇಬಿನಲ್ಲಿ ಸ್ಕೇಲ್ ಇಟ್ಟುಕೊಂಡು ಹೋಗಿ

ಮೊದಲ ವಾದ್ಯದಲ್ಲಿ ಮರಕ್ಕಿಂತ ಜೋಡಣೆ ಮುಖ್ಯ. ಸಾಧಾರಣ ಮರದ ವಯಲಿನ್ ಸರಿಯಾಗಿ ಜೋಡಿಸಿದ್ದರೆ ಚೆನ್ನಾಗಿಯೇ ಕಲಿಯಬಹುದು. ಒಳ್ಳೆಯ ಮರದ್ದಾದರೂ ಜೋಡಣೆ ಕೆಟ್ಟಿದ್ದರೆ ದಿನಾ ಜಗಳ. ಎಷ್ಟೋ ಮಂದಿ "ನನಗೆ ಸಂಗೀತ ಬರಲ್ಲ" ಅಂತ ಬಿಟ್ಟುಬಿಡುತ್ತಾರೆ. ತಪ್ಪು ತಂತಿ ಬಿಗಿಮಾಡುವ ಬಿರಡೆಯದೋ, ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜಿನದೋ ಆಗಿರುತ್ತದೆ.

ಬಿರಡೆಯಿಂದ ಶುರುಮಾಡಿ. ನಾಲ್ಕನ್ನೂ ತಿರುಗಿಸಿ ನೋಡಿ. ನುಣುಪಾಗಿ ತಿರುಗಬೇಕು, ಬಿಟ್ಟ ಜಾಗದಲ್ಲಿ ನಿಲ್ಲಬೇಕು. ಜಾರುವ ಬಿರಡೆ, ಕಚ್ಚಿಕೊಂಡು ಕಟಕ್ ಅನ್ನುವ ಬಿರಡೆ ಎರಡೂ ಬೇಡ. ಹೊಸಬರಿಗೆ ಹಿಂದಿನ ತಂತಿ ಹಿಡಿಕೆಯಲ್ಲಿ, ಅಂದರೆ ಟೇಲ್‌ಪೀಸಿನಲ್ಲಿ, ನಾಲ್ಕೂ ತಂತಿಗೆ ಫೈನ್ ಟ್ಯೂನರ್ (ಶ್ರುತಿಯನ್ನು ಚೂರುಚೂರೇ ಸರಿಪಡಿಸುವ ತಿರುಪು) ಇದ್ದರೆ ಶ್ರುತಿ ಮಾಡುವ ಕಷ್ಟ ಅರ್ಧ ಕಡಿಮೆ.

ಆಮೇಲೆ ತಂತಿಯ ಎತ್ತರ. ಫಿಂಗರ್‌ಬೋರ್ಡ್, ಅಂದರೆ ತಂತಿಯ ಕೆಳಗೆ ಬೆರಳಿಡುವ ಹಲಗೆ, ಮುಗಿಯುವ ಜಾಗದಲ್ಲಿ ಅದಕ್ಕೂ ತಂತಿಗೂ ನಡುವೆ ಎಷ್ಟು ಸಂದು ಇದೆ ಅಂತ ಅಳೆಯಿರಿ. ವಯಲಿನ್‌ನಲ್ಲಿ ಇ ತಂತಿಗೆ ಸುಮಾರು 3ರಿಂದ 3.5 ಮಿಲಿಮೀಟರ್, ಜಿ ತಂತಿಗೆ 5ರ ಆಸುಪಾಸು. ವಯೋಲಾದಲ್ಲಿ ಎ ತಂತಿಗೆ 4 ಚಿಲ್ಲರೆ, ಸಿ ತಂತಿಗೆ ಸುಮಾರು 6. ಇದಕ್ಕಿಂತ ತುಂಬ ಜಾಸ್ತಿ ಇದ್ದರೆ ಬೆರಳು ನೋಯುತ್ತದೆ, ಕಡಿಮೆ ಇದ್ದರೆ ತಂತಿ ಹಲಗೆಗೆ ತಾಗಿ ಝರ್ ಅನ್ನುತ್ತದೆ. ಬಿರಡೆಯ ಕಡೆಯ ತುದಿಯಲ್ಲಿ, ತಂತಿಗಳು ಕೂರುವ ಚಿಕ್ಕ ಪಟ್ಟಿಯ, ಅಂದರೆ ನಟ್‌ನ, ಹತ್ತಿರ, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಸಾಕು.

ಫಿಂಗರ್‌ಬೋರ್ಡ್ ಎಬೊನಿ ಅನ್ನುವ ಗಟ್ಟಿ ಕಪ್ಪು ಮರದ್ದೇ ಇರಲಿ. ಅಗ್ಗದ ವಾದ್ಯಗಳಲ್ಲಿ ಮೆತ್ತನೆಯ ಮರಕ್ಕೆ ಕಪ್ಪು ಬಳಿದಿರುತ್ತಾರೆ. ಬಣ್ಣ ಬೇಗ ಸವೆಯುತ್ತದೆ, ತಂತಿಯ ಕೆಳಗೆ ಗೀರು ಬೀಳುತ್ತದೆ. ಹಲಗೆಯ ಅಡಿಭಾಗ ನೋಡಿದರೆ ಬಣ್ಣ ಬಳಿದದ್ದು ಗೊತ್ತಾಗಿಬಿಡುತ್ತದೆ, ಅಲ್ಲಿ ಬಳಿಯಲು ಯಾರಿಗೂ ತಾಳ್ಮೆ ಇರುವುದಿಲ್ಲ.

ಬ್ರಿಡ್ಜ್ ಎಫ್ ತೂತುಗಳ ಒಳಗಿನ ಚಿಕ್ಕ ಕಚ್ಚುಗಳ ನೇರಕ್ಕೆ ನಿಂತಿರಬೇಕು. ಅದರ ಎರಡೂ ಪಾದಗಳು ಮೇಲ್ಹಲಗೆಗೆ ಪೂರ್ತಿ ಅಂಟಿಕೊಂಡಂತೆ ಕೂತಿರಬೇಕು, ಕಾಗದದ ಚೂರೂ ಅಡಿಯಲ್ಲಿ ನುಸುಳಬಾರದು. ಮೇಲಿನ ಅಂಚು ತೆಳ್ಳಗೆ, ಸುಮಾರು 1.3 ಮಿಲಿಮೀಟರ್. ಕಾರ್ಖಾನೆಯಿಂದ ಬಂದ ಹಾಗೇ ಇರುವ ಬ್ರಿಡ್ಜ್ ದಪ್ಪಗಿರುತ್ತದೆ, ನಾದವನ್ನು ನುಂಗುತ್ತದೆ. ಒಂದು ತಂತಿ ನುಡಿಸುವಾಗ ಕಮಾನು ಪಕ್ಕದ ತಂತಿಗೆ ತಾಗುತ್ತಿದ್ದರೆ ಬ್ರಿಡ್ಜಿನ ಬಾಗು ಚಪ್ಪಟೆಯಾಗಿದೆ ಅಂತ ಅರ್ಥ.

ಹೆಚ್ಚಿನವರು ಮಾಡದ ಒಂದು ಅಳತೆ ಹೇಳುತ್ತೇನೆ. ನಟ್‌ನಿಂದ ಒಡಲಿನ ಅಂಚಿನವರೆಗೆ ಅಳೆಯಿರಿ. ಆಮೇಲೆ ಅದೇ ಅಂಚಿನಿಂದ ಬ್ರಿಡ್ಜ್‌ವರೆಗೆ ಅಳೆಯಿರಿ. ಪೂರ್ಣ ಅಳತೆಯ ವಯಲಿನ್‌ನಲ್ಲಿ ಇವು 13 ಮತ್ತು 19.5 ಸೆಂಟಿಮೀಟರ್, ಅಂದರೆ 2ಕ್ಕೆ 3ರ ಪ್ರಮಾಣ. ಚಿಕ್ಕ ವಯಲಿನ್‌ಗಳಿಗೂ ಇದೇ ಪ್ರಮಾಣ. ಇದು ತಪ್ಪಿದರೆ ಬೆರಳಿನ ಜಾಗಗಳೆಲ್ಲ ತಪ್ಪುತ್ತವೆ. ಮುಂದೆ ಸರಿಯಾದ ವಾದ್ಯಕ್ಕೆ ಹೋದಾಗ ಕೈಗೆ ಮತ್ತೆ ಮೊದಲಿನಿಂದ ಪಾಠ.

ಕೊನೆಗೆ ಎಫ್ ತೂತಿನೊಳಗೆ ಇಣುಕಿ. ಒಳಗೆ ಒಂದು ಸಣ್ಣ ಕೋಲು ನಿಂತಿರುತ್ತದೆ, ಅದೇ ಸೌಂಡ್‌ಪೋಸ್ಟ್. ಬ್ರಿಡ್ಜಿನ ಬಲಪಾದದ ಸ್ವಲ್ಪ ಹಿಂದೆ ಅದು ನೆಟ್ಟಗೆ ನಿಂತಿರಬೇಕು. ವಾಲಿದ್ದರೆ ರಿಪೇರಿಯವರು ಸರಿಮಾಡಬಲ್ಲರು. ಬಿದ್ದಿದ್ದರೆ ತಂತಿಗಳನ್ನು ಬಿಗಿಮಾಡಲೇಬೇಡಿ, ಮೇಲ್ಹಲಗೆ ಕುಸಿದೀತು.

ಗುಲಾಬಿ, ನೀಲಿ ಬಣ್ಣದ ವಯಲಿನ್‌ಗಳ ಬಗ್ಗೆ ಕೇಳುವವರಿದ್ದಾರೆ. ದಪ್ಪ ಬಣ್ಣದ ಕೆಳಗೆ ಮರ ಕಾಣುವುದಿಲ್ಲ, ಅಷ್ಟೇ ಹೇಳಬಲ್ಲೆ.

ನಾಲ್ಕನೆಯ ಹೆಜ್ಜೆ: ನಡುವಿನ ಹಂತ

ಯಾವಾಗ ಬದಲಿಸಬೇಕು? ಮೆಲ್ಲಗೆ ನುಡಿಸಿದರೆ ಸ್ವರ ಹುಟ್ಟುವುದೇ ಇಲ್ಲ, ಜೋರಾಗಿ ನುಡಿಸಿದರೆ ನಾದ ಹಿಗ್ಗುವ ಬದಲು ಕಿರುಚುತ್ತದೆ, ಜಿ ತಂತಿಯಲ್ಲಿ ಮೇಲಕ್ಕೆ ಹೋದರೆ ಗಂಟಲು ಕಟ್ಟುತ್ತದೆ. ಹೊಸ ತಂತಿ ಹಾಕಿ, ಬ್ರಿಡ್ಜ್ ಸರಿಮಾಡಿಸಿದ ಮೇಲೂ ಹೀಗೇ ಇದ್ದರೆ ವಾದ್ಯದ ಮಿತಿ ಬಂತು. ತಂತಿ ಬದಲಿಸದೆ ಈ ತೀರ್ಮಾನಕ್ಕೆ ಬರಬೇಡಿ. ಸ್ಟೀಲ್ ತಂತಿ ತೆಗೆದು ಸಿಂಥೆಟಿಕ್ ತಿರುಳಿನದ್ದು ಹಾಕಿದರೆ ಕೆಲವು ವಯಲಿನ್‌ಗಳ ನಾದ ಎಷ್ಟೋ ಮೆದುವಾಗುತ್ತದೆ.

ಈ ಹಂತದಲ್ಲಿ ಮರ ಮತ್ತು ಕೆಲಸ ನೋಡಬೇಕು. ಮೇಲ್ಹಲಗೆ ಸ್ಪ್ರೂಸ್, ಹಿಂದಿನ ಹಲಗೆ, ಪಕ್ಕೆ ಮತ್ತು ಕುತ್ತಿಗೆ ಮೇಪಲ್. ಹಲಗೆಗಳು ಕೆತ್ತಿದ್ದಾಗಿರಬೇಕು, ಒತ್ತಿ ಬಾಗಿಸಿದ್ದಲ್ಲ. ಸ್ಪ್ರೂಸಿನ ಗೆರೆಗಳು ನೇರವಾಗಿದ್ದರೆ ಒಳ್ಳೆಯದು. ಮೇಪಲ್ಲಿನ ಹುಲಿಪಟ್ಟೆಗಳು ಕಣ್ಣಿಗೆ ಹಬ್ಬ, ಆದರೆ ನಾದಕ್ಕೆ ಅವು ಗ್ಯಾರಂಟಿ ಅಲ್ಲ. ಅಂಚಿನ ಸುತ್ತ ಓಡುವ ಎರಡು ಕಪ್ಪು ಗೆರೆಯ ಪಟ್ಟಿಯನ್ನು ಹತ್ತಿರದಿಂದ ನೋಡಿ. ನಿಜವಾದದ್ದು ಮರದೊಳಗೆ ಕೂರಿಸಿದ ತೆಳು ಪಟ್ಟಿ. ಅಂಚಿನಲ್ಲಿ ಬಿಟ್ಟ ಬಿರುಕು ಒಳಗೆ ಹರಿಯದಂತೆ ಅದು ತಡೆಯುತ್ತದೆ. ಅಗ್ಗದ್ದರಲ್ಲಿ ಸುಮ್ನೆ ಗೆರೆ ಎಳೆದಿರುತ್ತಾರೆ. ವಾರ್ನಿಷ್ ಗಾಜಿನಂತೆ ದಪ್ಪಗಿದ್ದರೆ ಹಲಗೆ ಅಲುಗಾಡಲು ಒದ್ದಾಡುತ್ತದೆ.

ಚೀನಾದ್ದು ಅಂದ ಕೂಡಲೇ ಮೂಗು ಮುರಿಯಬೇಡಿ. ಒಂದು ಕಾಲದಲ್ಲಿ ಜರ್ಮನಿಯ ಮಾರ್ಕ್‌ನೊಯ್ಕಿರ್ಷನ್, ಫ್ರಾನ್ಸಿನ ಮಿರೆಕೂರ್ ಊರುಗಳಿಂದ ಕಲಿಯುವವರ ವಯಲಿನ್‌ಗಳು ರಾಶಿರಾಶಿಯಾಗಿ ಬರುತ್ತಿದ್ದವು. ಈಗ ಆ ಕೆಲಸದ ಬಹುಪಾಲು ಚೀನಾದಲ್ಲಿ ನಡೆಯುತ್ತದೆ. ಅಲ್ಲಿ ಕೈಕೆಲಸದ ಒಳ್ಳೆಯ ವಾದ್ಯವೂ ಬರುತ್ತದೆ, ಡಬ್ಬಾ ವಾದ್ಯವೂ ಬರುತ್ತದೆ. ಹಿಂದೆ ಆ ಊರುಗಳಲ್ಲೂ ಇದೇ ಕಥೆ.

ಹೋಲಿಸುವ ರೀತಿ ಹೀಗಿರಲಿ. ನಿಮ್ಮದೇ ಕಮಾನು ತೆಗೆದುಕೊಂಡು ಹೋಗಿ. ಎಲ್ಲ ವಾದ್ಯಗಳನ್ನೂ ಒಂದೇ ಶ್ರುತಿಗೆ ತನ್ನಿ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬೇಡ, ಕಿವಿ ದಣಿದರೆ ಎಲ್ಲವೂ ಒಂದೇ ಅನಿಸುತ್ತದೆ. ಪ್ರತಿ ತಂತಿಯಲ್ಲೂ ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಸ್ವರ ಏರಿಸಿ, ಯಾವುದಾದರೂ ಸ್ವರ ಸತ್ತಂತಿದೆಯಾ ನೋಡಿ. ಕಮಾನನ್ನು ಸೋಕಿಸಿದಷ್ಟೇ ಮೆಲ್ಲಗೆ ಸ್ವರ ಶುರುಮಾಡಿ. ತಂತಿಯಿಂದ ತಂತಿಗೆ ವೇಗವಾಗಿ ದಾಟಿ. ಬ್ರಿಡ್ಜ್ ಹತ್ತಿರ ಒತ್ತಿ ಜೋರಾಗಿ ಎಳೆಯಿರಿ. ಒಳ್ಳೆಯ ವಾದ್ಯದಲ್ಲಿ ಈ ನಾಲ್ಕಕ್ಕೂ ನಾಲ್ಕು ಥರದ ಉತ್ತರ ಬರುತ್ತದೆ. ಸಾಧಾರಣದ್ದರಲ್ಲಿ ಎಲ್ಲಕ್ಕೂ ಒಂದೇ ಉತ್ತರ.

ಆಮೇಲೆ ಬೇರೆ ಯಾರಾದರೂ ನುಡಿಸಲಿ, ನೀವು ದೂರ ನಿಂತು ಕೇಳಿ. ನುಡಿಸುವವರ ಕಿವಿಯ ಪಕ್ಕದಲ್ಲಿ ಅಬ್ಬರಿಸುವ ವಯಲಿನ್ ಹತ್ತು ಮೀಟರ್ ಆಚೆ ಬಡವಾಗಬಹುದು. ಕಿವಿಗೆ ಸ್ವಲ್ಪ ಒರಟು ಅನಿಸಿದ್ದು ದೂರಕ್ಕೆ ಸೊಗಸಾಗಿ ಕೇಳಿಸುವುದೂ ಉಂಟು.

ವಯೋಲಾಕ್ಕೆ ಇನ್ನೆರಡು ಪರೀಕ್ಷೆ

ಮೊದಲು ಸಿ ತಂತಿ. ಕಮಾನು ಎಳೆದ ಕೂಡಲೇ ಸ್ವರ ಸ್ಪಷ್ಟವಾಗಿ ಹುಟ್ಟಬೇಕು. ಬರೀ ಗೊರಗೊರ ಸದ್ದು ಬಂದು ಆಮೇಲೆ ಸ್ವರ ಬಂದರೆ ಬೇಡ. ಜೊತೆಗೆ ಮೇಲಿನ ಎ ತಂತಿಯೂ ಮೂಗಿನಲ್ಲಿ ಮಾತಾಡಬಾರದು. ಸಿ ತಂತಿಗೆ ಮನಸೋತು ಎ ತಂತಿ ಮರೆಯುವವರೇ ಜಾಸ್ತಿ.

ಎರಡನೆಯದು ವುಲ್ಫ್ ಸ್ವರ. ಯಾವುದೋ ಒಂದು ಸ್ವರದಲ್ಲಿ ಒಡಲಿನ ಸ್ವಂತ ಕಂಪನ ತಂತಿಯ ಕಂಪನದ ಜೊತೆ ಕಿತ್ತಾಡಿ ನಾದ ನಡುಗುತ್ತದೆ. ದಪ್ಪ ತಂತಿಗಳಲ್ಲಿ ಅರ್ಧರ್ಧ ಸ್ವರ ಏರಿಸುತ್ತಾ ಹೋದರೆ ಅದು ಸಿಕ್ಕಿಬೀಳುತ್ತದೆ. ಒಳ್ಳೆಯ ವಾದ್ಯಗಳಲ್ಲೂ ಇದು ಸ್ವಲ್ಪ ಇರುತ್ತದೆ, ಸೌಂಡ್‌ಪೋಸ್ಟ್ ಸರಿಸಿ ಕಡಿಮೆ ಮಾಡಬಹುದು. ನೀವು ಹೆಚ್ಚು ಬಳಸುವ ಸ್ವರದಲ್ಲೇ ಜೋರಾಗಿ ನಡುಗಿದರೆ ಮಾತ್ರ ಯೋಚಿಸಿ.

ಐದನೆಯ ಹೆಜ್ಜೆ: ಮೇಲಿನ ಹಂತ, ಹಳೆಯದೋ ಹೊಸದೋ

2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸಂಶೋಧಕಿ ಕ್ಲಾಡಿಯಾ ಫ್ರಿಟ್ಜ್, ವಯಲಿನ್ ತಯಾರಕ ಜೋಸೆಫ್ ಕರ್ಟಿನ್ ಮತ್ತು ಅವರ ತಂಡ 21 ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿ ಆರು ವಯಲಿನ್ ಕೊಟ್ಟಿತು. ಮೂರು ಹೊಸವು. ಉಳಿದ ಮೂರರಲ್ಲಿ ಎರಡು ಸ್ಟ್ರಾಡಿವರಿ ಮಾಡಿದ್ದು, ಒಂದು ಕ್ರಿಮೋನಾದವನೇ ಆದ ಗ್ವಾರ್ನೆರಿ ಮಾಡಿದ್ದು. ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆ ಬಂದಿದ್ದು ಒಂದು ಹೊಸದಕ್ಕೆ. ಎಲ್ಲಕ್ಕಿಂತ ಕಡಿಮೆ ಮೆಚ್ಚಿಗೆ ಬಂದಿದ್ದು ಒಂದು ಸ್ಟ್ರಾಡಿವರಿಗೆ! ಆಮೇಲೆ ಪ್ಯಾರಿಸ್‌ನಲ್ಲಿ ಹತ್ತು ಹೆಸರಾಂತ ವಾದಕರು 12 ವಯಲಿನ್‌ಗಳನ್ನು ಹೀಗೇ ಪರೀಕ್ಷಿಸಿದಾಗಲೂ ಹೊಸದೇ ಮುಂದೆ ಬಂತು. ಹಳೆಯದೆಲ್ಲ ಸುಳ್ಳು ಅಂತ ಇದರ ಅರ್ಥ ಅಲ್ಲ. ಆದರೆ ವಯಸ್ಸಿಗೆ ದುಡ್ಡು ಕೊಡುವ ಮುಂಚೆ ಒಬ್ಬ ಸ್ನೇಹಿತರನ್ನು ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿ, ಬೆಲೆ ಗೊತ್ತಿಲ್ಲದೆ ನುಡಿಸಿ. ಬೆಲೆ ಗೊತ್ತಾದರೆ ಕಿವಿ ಪಕ್ಷಪಾತ ಮಾಡುತ್ತದೆ.

ಒಳಗೆ ಅಂಟಿಸಿದ ಚೀಟಿಯನ್ನು ನಂಬಬೇಡಿ. ಸ್ಟ್ರಾಡಿವರಿ ಹೆಸರಿನ ಚೀಟಿ ಲಕ್ಷಗಟ್ಟಲೆ ಕಾರ್ಖಾನೆ ವಯಲಿನ್‌ಗಳಲ್ಲಿ ಇದೆ. ಅದು ಮಾದರಿಯ ಹೆಸರು, ಮಾಡಿದವನದ್ದಲ್ಲ. ಆಮದಾಗುವ ಸಾಮಾನಿನ ಮೇಲೆ ದೇಶದ ಹೆಸರಿರಬೇಕು ಅಂತ ಅಮೆರಿಕ ಕಾನೂನು ಮಾಡಿದ್ದು 1890ರಲ್ಲಿ. ಹಾಗಾಗಿ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದೇಶದ ಹೆಸರು ಕಂಡರೆ, ಸಾಮಾನ್ಯವಾಗಿ ಆ ವಾದ್ಯ ಅದಕ್ಕಿಂತ ಈಚಿನದು.

ಹಳೆಯದರಲ್ಲಿ ಬಿರುಕು ಎಲ್ಲಿದೆ ಅನ್ನುವುದೇ ಮುಖ್ಯ. ಹಲಗೆ ಮತ್ತು ಪಕ್ಕೆ ಸೇರುವ ಅಂಚು ಬಿಟ್ಟುಕೊಂಡಿದ್ದರೆ ಹೆದರಬೇಡಿ. ಒತ್ತಡ ಬಂದಾಗ ಮರ ಸೀಳುವ ಬದಲು ಅಂಟು ಬಿಡಲಿ ಅಂತಲೇ ಹಾಗೆ ಅಂಟಿಸಿರುತ್ತಾರೆ, ಮತ್ತೆ ಅಂಟಿಸಿದರೆ ಆಯಿತು. ಆದರೆ ಹಿಂದಿನ ಹಲಗೆಯಲ್ಲಿ ಸೌಂಡ್‌ಪೋಸ್ಟ್ ಒತ್ತುವ ಜಾಗದಲ್ಲಿ ಬಿರುಕಿದ್ದರೆ ಬೆಲೆ ತುಂಬಾ ಇಳಿಯುತ್ತದೆ. ಬಿರಡೆ ಪೆಟ್ಟಿಗೆಯ ಬಿರುಕು, ಮರದ ಹುಳು ಕೊರೆದ ಗುರುತು, ಕೆಳಗೆ ಬಾಗಿದ ಕುತ್ತಿಗೆ ಇವೂ ದೊಡ್ಡ ಖರ್ಚೇ. ಮಾರುವವರಿಗೆ ಸಂಬಂಧ ಇಲ್ಲದ ರಿಪೇರಿಯವರಿಗೆ ಒಮ್ಮೆ ತೋರಿಸಿ. ಬೆಲೆ ಅಂದಾಜಿನ ಪತ್ರ ಬೇರೆ, ಯಾರು ಮಾಡಿದ್ದು ಅಂತ ಹೇಳುವ ಪತ್ರ ಬೇರೆ. ಎರಡನ್ನೂ ಬೇರೆಬೇರೆಯಾಗಿ ಕೇಳಿ.

ಕಮಾನಿಗೆ ದುಡ್ಡು ಮಿಗಿಸಿ

ವಾದ್ಯಕ್ಕೇ ಪೂರ್ತಿ ದುಡ್ಡು ಸುರಿದು, ಪೆಟ್ಟಿಗೆಯಲ್ಲಿ ಬಂದ ಕಮಾನನ್ನೇ ಬಳಸುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ವಯಲಿನ್ ಕಮಾನು ಸುಮಾರು 60 ಗ್ರಾಂ, ವಯೋಲಾದ್ದು ಸುಮಾರು 70 ಗ್ರಾಂ ತೂಗುತ್ತದೆ. ವಯಲಿನ್ ಕಮಾನಿನಿಂದ ಸಿ ತಂತಿಯನ್ನು ಎಬ್ಬಿಸುವುದು ಕಷ್ಟ. ಕೂದಲು ಬಿಗಿಮಾಡಿ, ಹಿಡಿಯುವ ಕಡೆಯಿಂದ ಒಂದು ಕಣ್ಣು ಮುಚ್ಚಿ ಕೋಲಿನುದ್ದಕ್ಕೂ ನೋಡಿ, ಎಡಕ್ಕೋ ಬಲಕ್ಕೋ ತಿರುಚಿರಬಾರದು. ಹೊಸಬರಿಗೂ ನಡುವಿನ ಹಂತದವರಿಗೂ ಕಾರ್ಬನ್ ಫೈಬರ್ ಕಮಾನು ಧಾರಾಳವಾಗಿ ಸಾಕು. ಮೇಲಿನ ಹಂತದವರು ಬ್ರೆಜಿಲ್‌ನ ಪರ್ನಂಬುಕೋ ಮರದ್ದನ್ನು ಹುಡುಕುತ್ತಾರೆ. ಆ ಮರ 2007ರಿಂದ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಅದರ ಕಾಗದಪತ್ರ ಕೇಳಿ ಇಟ್ಟುಕೊಳ್ಳಿ. ಕಮಾನನ್ನು ನಿಮ್ಮ ವಾದ್ಯದ ಮೇಲೆ ನುಡಿಸದೆ ಕೊಳ್ಳಬೇಡಿ. ಒಂದು ವಯಲಿನ್‌ಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಕೊನೆಯ ಹೆಜ್ಜೆ: ಮನೆಗೆ ತಂದು ನೋಡಿ

ಸಾಧ್ಯವಾದರೆ ವಾದ್ಯವನ್ನು ಒಂದು ವಾರ ಮನೆಗೆ ಕೇಳಿ ತನ್ನಿ. ಹಿಂದಿರುಗಿಸುವ ಷರತ್ತು ಬರವಣಿಗೆಯಲ್ಲಿರಲಿ. ಮುಂದೆ ದೊಡ್ಡದಕ್ಕೆ ಬದಲಿಸಿಕೊಳ್ಳಬಹುದಾ ಅಂತಲೂ ಕೇಳಿ. ಚಿಕ್ಕ ಕೋಣೆಯಲ್ಲಿ ನುಡಿಸಿ, ದೊಡ್ಡ ಹಾಲ್ ಸಿಕ್ಕರೆ ಅಲ್ಲೂ ನುಡಿಸಿ. ನಿಮ್ಮ ಗುರುಗಳ ಕೈಗೆ ಕೊಡಿ. ಮೊದಲ ದಿನದ ಮೋಹ ಮೂರನೆಯ ದಿನಕ್ಕೆ ಇಳಿದಿರುತ್ತದೆ, ತೀರ್ಮಾನ ಅವತ್ತು ಮಾಡಿ.

ಕೊಂಡ ಮೇಲೆ ಗಾಳಿಯ ತೇವ 40ರಿಂದ 60 ಶೇಕಡಾ ಇರುವ ಕಡೆ ಇಡಿ, ಬಿಸಿಲಿಗೆ ನಿಂತ ಕಾರಿನಲ್ಲಂತೂ ಬಿಡಲೇಬೇಡಿ. ಹೊಸ ವಾದ್ಯದ ಮರ ತಂತಿಯ ಒತ್ತಡಕ್ಕೆ ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು. ಕೆಲವು ತಿಂಗಳಾದ ಮೇಲೆ ಸೌಂಡ್‌ಪೋಸ್ಟ್ ಒಮ್ಮೆ ತೋರಿಸಿ. ಶ್ರುತಿ ಮಾಡಿದಂತೆಲ್ಲ ಬ್ರಿಡ್ಜಿನ ತಲೆ ಫಿಂಗರ್‌ಬೋರ್ಡ್ ಕಡೆಗೆ ವಾಲುತ್ತಾ ಬರುತ್ತದೆ. ಆಗಾಗ ಪಕ್ಕದಿಂದ ನೋಡಿ, ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿ.